ಕೆಳಸಾಲಿನಲ್ಲಿ ಕೂತು ಕೇಳಬೇಕಾದ ಕ್ರಿಕೆಟ್

ಅಂಧರ ಕ್ರಿಕೆಟ್ಟಿನಲ್ಲಿ ಓಡುವ ಚೆಂಡಿಗಿಂತ ನಿಂತ ಚೆಂಡು ಹೆಚ್ಚು ಕಾಟ ಕೊಡುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಬಿಳಿ ಚೆಂಡು, ಒಳಗೆ ಬೇರಿಂಗ್ ಗುಂಡುಗಳು. ಉರುಳುವಷ್ಟು ಹೊತ್ತು ಗಲಗಲ ಎನ್ನುತ್ತದೆ, ನಿಂತ ಕೂಡಲೇ ಸದ್ದಡಗುತ್ತದೆ. ಪೂರ್ತಿ ದೃಷ್ಟಿಯಿಲ್ಲದ ಫೀಲ್ಡರ್ ಆ ಸದ್ದಿನ ಜಾಡು ಹಿಡಿದು ಓಡಿಬಂದು, ಇನ್ನೇನು ಎರಡು ಮಾರು ಅನ್ನುವಾಗ ಚೆಂಡು ಹುಲ್ಲಿನಲ್ಲಿ ನಿಂತುಬಿಟ್ಟರೆ ಕಷ್ಟ. ನೆಲದ ಮೇಲೆ ಕೈಯಾಡಿಸಿ ಹುಡುಕಬೇಕು, ಇಲ್ಲವೇ ಸ್ವಲ್ಪ ಕಾಣುವ ಜೊತೆಗಾರ ಕೂಗಿ ದಿಕ್ಕು ಹೇಳಬೇಕು. ಅಷ್ಟರಲ್ಲಿ ಆ ಕಡೆ ಇನ್ನೊಂದು ರನ್ ಆಗಿರುತ್ತದೆ. ಪಳಗಿದ ಬ್ಯಾಟರ್‌ಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಬೌಂಡರಿ ಸಿಗದ ಕಡೆ ಅವರು ಚೆಂಡನ್ನು ಬೇಕಂತಲೇ ಮೆತ್ತಗೆ ತಳ್ಳಿ, ಇಬ್ಬರು ಫೀಲ್ಡರುಗಳ ನಡುವೆ ನಿಲ್ಲುವ ಹಾಗೆ ಮಾಡುತ್ತಾರೆ.

ಇಷ್ಟು ತಿಳಿದುಕೊಂಡು ನೋಡಲು ಕೂತವರಿಗೆ ಇದರ ರುಚಿ ಹತ್ತುತ್ತದೆ. ಈ ಆಟಕ್ಕೆ ತನ್ನದೇ ಕಸುಬಿದೆ. ಅದರಲ್ಲಿ ಜಾಣ ಆಟವಿದೆ, ದಡ್ಡ ಆಟವಿದೆ, ಸೋಮಾರಿ ಆಟವೂ ಇದೆ. ‘ಅಯ್ಯೋ ಪಾಪ, ಎಷ್ಟು ಚೆನ್ನಾಗಿ ಆಡ್ತಾರೆ’ ಎಂದು ಎಲ್ಲಕ್ಕೂ ಒಂದೇ ಸಮ ಚಪ್ಪಾಳೆ ಹೊಡೆದು ಎದ್ದು ಬರುವ ಪ್ರೇಕ್ಷಕ ಆಟಗಾರರಿಗೆ ಏನನ್ನೂ ಕೊಟ್ಟ ಹಾಗಾಗುವುದಿಲ್ಲ. ತಪ್ಪನ್ನು ತಪ್ಪೆನ್ನಲು ಬರುವವನು ಮೆಚ್ಚಿದಾಗಲೇ ಆ ಮೆಚ್ಚುಗೆಗೆ ತೂಕ.

ನಾನು ಹೇಳಹೊರಟಿರುವುದು 2017ರ ಫೆಬ್ರವರಿ 12ರ ಭಾನುವಾರದ ಮಾತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅಂಧರ ಎರಡನೇ ಟಿ-20 ವಿಶ್ವಕಪ್ಪಿನ ಫೈನಲ್. ಎದುರಾಳಿ ಪಾಕಿಸ್ತಾನ, ಅದೂ ಲೀಗ್ ಹಂತದಲ್ಲಿ ನಮ್ಮನ್ನು ಮಣಿಸಿ ಬಂದಿದ್ದ ಪಾಕಿಸ್ತಾನ. ಮದ್ದೂರಿನವರಾದ ನಮಗೆ ಆ ಪಂದ್ಯಕ್ಕೆ ಹೋಗಲು ಇನ್ನೊಂದು ಕಾರಣವೂ ಇತ್ತು. ಭಾರತದ ಇನಿಂಗ್ಸ್ ಆರಂಭಿಸುವ ಪ್ರಕಾಶ್ ಜಯರಾಮಯ್ಯ ಚನ್ನಪಟ್ಟಣದವರು. ನಮ್ಮೂರು ಬಿಟ್ಟು ನಿಡಘಟ್ಟ ದಾಟಿದರೆ ಚನ್ನಪಟ್ಟಣವೇ. ಬೆಳಗಿನ ರೈಲಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್. ಇಳಿದರೆ ನಾಲ್ಕು ಹೆಜ್ಜೆಗೆ ಕ್ರೀಡಾಂಗಣ.

ಕ್ರೀಡಾಂಗಣದಲ್ಲಿ ಎಲ್ಲಿ ಕೂರಬೇಕು ಎನ್ನುವುದು ಈ ಆಟದಲ್ಲಿ ಸಣ್ಣ ಪ್ರಶ್ನೆಯಲ್ಲ. ಐಪಿಎಲ್ ನೋಡುವವರು ಮೇಲಿನ ಸಾಲು ಹುಡುಕುತ್ತಾರೆ, ಇಡೀ ಮೈದಾನ ಕಾಣಲಿ ಅಂತ. ಇಲ್ಲಿ ಬೌಂಡರಿ ಗೆರೆಗೆ ಆದಷ್ಟು ಹತ್ತಿರ, ಕೆಳಸಾಲಿನಲ್ಲಿ ಕೂರಬೇಕು. ಚೆಂಡು ನಿಮ್ಮ ಕಡೆಗೆ ಉರುಳಿ ಬಂದಾಗ ಗುಂಡುಗಳ ಸದ್ದು ಅಲ್ಲಿ ಮಾತ್ರ ಕೇಳುತ್ತದೆ. ಬೌಲರ್ ‘ರೆಡಿ?’ ಎಂದು ಕೇಳುವುದು, ಬ್ಯಾಟರ್ ‘ಯೆಸ್’ ಅನ್ನುವುದು, ಚೆಂಡು ಬಿಡುವಾಗ ಬೌಲರ್ ‘ಪ್ಲೇ’ ಎಂದು ಕೂಗುವುದು, ಇವೂ ಗಾಳಿ ಸರಿಯಿದ್ದರೆ ಕಿವಿಗೆ ಬೀಳುತ್ತವೆ. ಈ ಮೂರು ಮಾತಿಲ್ಲದೆ ಎಸೆತವೇ ಇಲ್ಲ. ಬೌಲರ್ ಕೇಳದೆ ಎಸೆದರೆ ನೋಬಾಲ್. ಎದುರಿನವನು ಸಿದ್ಧ ಎಂದ ಮೇಲೆ ಮಾತ್ರ ಎಸೆಯುವ ಈ ಪದ್ಧತಿ ನನಗೆ ಬಹಳ ಇಷ್ಟ. ಅದು ದಾಕ್ಷಿಣ್ಯಕ್ಕೆ ಬಂದದ್ದಲ್ಲ, ಆಟ ನ್ಯಾಯವಾಗಿ ನಡೆಯಲಿ ಅಂತ ಬಂದದ್ದು.

ಹೊಸಬರಿಗಾಗಿ ನಿಯಮಗಳನ್ನು ಬೇಗ ಹೇಳಿಬಿಡುತ್ತೇನೆ. ಹನ್ನೊಂದು ಜನರಲ್ಲಿ ನಾಲ್ವರಾದರೂ ಬಿ1 ವರ್ಗದವರು, ಅಂದರೆ ಪೂರ್ತಿ ದೃಷ್ಟಿಯಿಲ್ಲದವರು, ಇರಬೇಕು. ಬಿ2, ಬಿ3 ವರ್ಗದವರಿಗೆ ಬೇರೆ ಬೇರೆ ಮಟ್ಟದಲ್ಲಿ ಒಂದಷ್ಟು ಕಾಣುತ್ತದೆ. ಬೌಲಿಂಗ್ ಕೈ ಕೆಳಗಿನಿಂದ. ಚೆಂಡು ಪಿಚ್ಚಿನ ಅರ್ಧ ದಾಟುವ ಮುನ್ನ ನೆಲ ಮುಟ್ಟಲೇಬೇಕು. ಬಿ1 ಬ್ಯಾಟರ್ ಹೊಡೆದ ರನ್ನಿಗೆ ಎರಡರಷ್ಟು ಲೆಕ್ಕ, ಅವರ ಪರವಾಗಿ ಓಡಲು ರನ್ನರ್ ಇರುತ್ತಾರೆ. ಬಿ1 ಫೀಲ್ಡರ್ ಒಂದು ಪುಟ ಬಿದ್ದ ಚೆಂಡನ್ನು ಹಿಡಿದರೂ ಔಟ್. ಓವರುಗಳಲ್ಲೊಂದು ಪಾಲನ್ನು ಬಿ1 ಬೌಲರುಗಳೇ ಹಾಕಬೇಕು. ಹಾಗಾಗಿ ಚೆನ್ನಾಗಿ ಕಾಣುವವರನ್ನೇ ಮುಂದಿಟ್ಟುಕೊಂಡು ಗೆಲ್ಲುತ್ತೇನೆ ಅಂದರೆ ಯಾವ ನಾಯಕನಿಗೂ ಸಾಧ್ಯವಿಲ್ಲ. ಯಾವ ಬೌಲರನ್ನು ಯಾವ ಬ್ಯಾಟರ್ ಎದುರು ಯಾವಾಗ ತರಬೇಕು ಎನ್ನುವುದರಲ್ಲೇ ನಾಯಕತ್ವ ಗೊತ್ತಾಗುತ್ತದೆ.

ಆ ದಿನ ಪಾಕಿಸ್ತಾನ ಮೊದಲು ಆಡಿತು. ಚಿನ್ನಸ್ವಾಮಿಯಲ್ಲಿ ಭಾರತ–ಪಾಕಿಸ್ತಾನ ಅಂದರೆ ಜನ ಸುಮ್ಮನಿರುತ್ತಾರೆಯೇ? ಬೌಲರ್ ಓಡಿ ಬರುವಾಗಲೇ ‘ಇಂಡ್ಯಾ... ಇಂಡ್ಯಾ’ ಶುರು. ನಮ್ಮ ಹಿಂದಿನ ಸಾಲಿನಲ್ಲಿ ಪೀಪಿ ಊದುತ್ತಿದ್ದ ಹುಡುಗನೊಬ್ಬನಿಗೆ ನಮ್ಮ ಕಡೆಯವರೇ ಇರಬೇಕು, ಹಸಿರು ಟವೆಲ್ ಹೊದ್ದಿದ್ದ ಹಿರಿಯರು ಗದರಿದರು: ‘ಏಯ್, ಸುಮ್ಕಿರ್ಲಾ. ಅವ್ರಿಗೆ ಚೆಂಡು ಕೇಳ್ಸ್‌ಬೇಕು ಕಣ್ಲಾ. ಹೊಡುದ್ಮ್ಯಾಕೆ ಎಷ್ಟ್ ಬೇಕಾರೂ ಊದ್ಕೊ.’ ಹುಡುಗ ಪೀಪಿ ಇಳಿಸಿದ. ಅಷ್ಟೇ ಅಲ್ಲ, ಮುಂದಿನ ಓವರಿನಲ್ಲಿ ತನ್ನ ಗೆಳೆಯರನ್ನೂ ಅವನೇ ಸುಮ್ಮನಾಗಿಸುತ್ತಿದ್ದ. ‘ರೆಡಿ’ಯಿಂದ ಬ್ಯಾಟಿಗೆ ಚೆಂಡು ತಾಗುವವರೆಗೆ ಉಸಿರು ಹಿಡಿದು ಕೂರುವುದು, ಆಮೇಲೆ ಒಮ್ಮೆಲೇ ಕೂಗುವುದು. ನಮ್ಮ ಸಾಲು ಅದನ್ನು ಕಲಿತುಕೊಂಡಿತು. ಎಲ್ಲ ಸ್ಟ್ಯಾಂಡುಗಳೂ ಕಲಿತವೆಂದು ಹೇಳಲಾರೆ. ಗದ್ದಲ ಹೆಚ್ಚಾದಾಗ ಬ್ಯಾಟರ್ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕಿವಿಗೊಡಲು ಹೆಣಗುವುದು ನಾವು ಕೂತಲ್ಲಿಗೂ ಕಾಣುತ್ತಿತ್ತು. ಊರಿನ ತಂಡಕ್ಕೆ ಊರಿನ ಜನರ ಕೂಗೇ ಅಡ್ಡಿಯಾಗುವ ಅಪರೂಪದ ಆಟ ಇದು.

ನನ್ನ ಪಕ್ಕದಲ್ಲಿ ಗೆಳೆಯನ ಭುಜ ಹಿಡಿದು ಬಂದು ಕೂತ ದೃಷ್ಟಿಯಿಲ್ಲದ ಯುವಕನೊಬ್ಬನಿದ್ದ. ಕಾಲೇಜು ಹುಡುಗ. ಬ್ಯಾಟಿನ ಸದ್ದು ಬಂದ ಮರುಕ್ಷಣವೇ ‘ತುದಿಗೆ ತಾಗ್ತು’, ‘ಇದು ಮಧ್ಯಕ್ಕೆ, ಹೋಯ್ತು’ ಎನ್ನುತ್ತಿದ್ದ. ನಾನಿನ್ನೂ ಚೆಂಡು ಎಲ್ಲಿ ಎಂದು ಹುಡುಕುತ್ತಿರುವಾಗ ಅವನ ತೀರ್ಪು ಮುಗಿದಿರುತ್ತಿತ್ತು. ಯಾವ ಕಡೆಗೆ ಹೋಯಿತು ಎಂದು ಅವನ ಗೆಳೆಯ ಹೇಳುತ್ತಿದ್ದ, ಹೇಗೆ ಹೋಯಿತು ಎಂದು ಅವನೇ ನಮಗೆ ಹೇಳುತ್ತಿದ್ದ. ಟೀವಿಯಲ್ಲಿ ಇಂಥ ವೀಕ್ಷಕ ವಿವರಣೆ ಸಿಕ್ಕುವುದಿಲ್ಲ.

ಪಾಕಿಸ್ತಾನ 8 ವಿಕೆಟ್ಟಿಗೆ 197. ನಾಯಕನಿಗಿಂತ ಹೆಚ್ಚಿನ ಹೆಸರಿನ ಬ್ಯಾಟರ್ ಬದರ್ ಮುನೀರ್ 57. ಟಿ-20ಯಲ್ಲಿ 198ರ ಗುರಿ ಎಂದರೆ ಕಣ್ಣಿರುವವರ ಆಟದಲ್ಲೂ ಸುಲಭದ ಮಾತಲ್ಲ.

ಆಮೇಲೆ ಪ್ರಕಾಶ್ ಬಂದರು. ಅಂಧರ ಕ್ರಿಕೆಟ್ಟಿನ ಮುಖ್ಯ ಹೊಡೆತ ಸ್ವೀಪ್. ಕಾರಣ ಸರಳ. ಚೆಂಡು ನೆಲಕ್ಕಂಟಿಕೊಂಡೇ ಬರುತ್ತದೆ. ಬ್ಯಾಟನ್ನು ನೆಟ್ಟಗೆ ಇಳಿಸಿದರೆ ಒಂದು ಬ್ಯಾಟಿನ ಅಗಲವಷ್ಟೇ ಕಾವಲು. ಮಂಡಿಯೂರಿ ಬ್ಯಾಟನ್ನು ಅಡ್ಡಲಾಗಿ ನೆಲಕ್ಕೆ ತಂದರೆ ಬ್ಯಾಟಿನ ಉದ್ದಕ್ಕೂ ಕಾವಲು, ಜೊತೆಗೆ ಕಿವಿ ಚೆಂಡಿನ ಮಟ್ಟಕ್ಕೆ ಹತ್ತಿರ ಬರುತ್ತದೆ. ನೋಡುವುದಕ್ಕೆ ಗದ್ದೆಯಲ್ಲಿ ಕುಡುಗೋಲು ಬೀಸಿದ ಹಾಗೆ. ಆದರೆ ಎಲ್ಲ ಸ್ವೀಪೂ ಒಂದೇ ಅಲ್ಲ. ಸಾಧಾರಣ ಬ್ಯಾಟರ್ ಕೂತ ಮೇಲೆ ಕೈ ಬೀಸುವುದು ಒಂದೇ ದಿಕ್ಕಿಗೆ. ಒಳ್ಳೆಯವರು ಕೊನೆ ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸಿ ಚೆಂಡನ್ನು ಕೀಪರ್ ಹಿಂದಕ್ಕೋ ಮಿಡ್‌ವಿಕೆಟ್ಟಿಗೋ ಕಳಿಸುತ್ತಾರೆ. ಪ್ರಕಾಶರ ಆಟದಲ್ಲಿ ನಾನು ಅಂದು ಕಣ್ಣಿಟ್ಟು ನೋಡಿದ್ದು ಹೊಡೆತಕ್ಕೂ ಮುಂಚಿನ ಗಳಿಗೆಯನ್ನು. ‘ಯೆಸ್’ ಎಂದಾದ ಮೇಲೆ ಒಂದಿಷ್ಟೂ ಅಲುಗಾಟವಿಲ್ಲ. ಅವಸರದಿಂದ ಮುಂಚೆಯೇ ಮಂಡಿಯೂರಿದರೆ ಬೌಲರ್ ದಿಕ್ಕು ಬದಲಿಸುತ್ತಾನೆ, ತಡವಾದರೆ ಚೆಂಡು ಅಡಿಯಲ್ಲಿ ನುಸುಳುತ್ತದೆ. ಎರಡರ ನಡುವಿನ ಆ ಕೂದಲೆಳೆಯಷ್ಟು ಸಮಯವನ್ನು ಅವರು ಮತ್ತೆ ಮತ್ತೆ ಹಿಡಿದರು.

ಭಾರತ 17.4 ಓವರಿನಲ್ಲಿ ಒಂದೇ ವಿಕೆಟ್ ಕಳೆದುಕೊಂಡು 200 ಮುಟ್ಟಿತು. ಪ್ರಕಾಶ್ ಜಯರಾಮಯ್ಯ ಔಟಾಗದೆ 99. ನೂರಕ್ಕೆ ಒಂದು ಕಡಿಮೆ. ಸ್ಟ್ಯಾಂಡಿನಲ್ಲಿ ‘ಛೇ’ ಎಂದವರಿದ್ದರು. ನನಗೆ ಹಾಗನ್ನಿಸಲಿಲ್ಲ. ಗುರಿ ಮುಗಿದಾಗ ಆಟ ಮುಗಿಯಿತು, ಅವರು ಕ್ರೀಸಿನಲ್ಲೇ ಇದ್ದರು. ಬೆನ್ನಟ್ಟುವ ಬ್ಯಾಟರ್‌ಗೆ ಇದಕ್ಕಿಂತ ಒಳ್ಳೆಯ ಅಂಕಿ ಯಾವುದು?

ಈ ಗೆಲುವಿನ ಹಿಂದೆ ಕರ್ನಾಟಕದ ಕೈ ದೊಡ್ಡದು. ಅಂಧರ ಮೊದಲ ಟಿ-20 ವಿಶ್ವಕಪ್ 2012ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ನಡೆದಿತ್ತು. ಅದನ್ನೂ ಪಾಕಿಸ್ತಾನವನ್ನು ಸೋಲಿಸಿ ಗೆದ್ದ ತಂಡದ ನಾಯಕ ಶಿವಮೊಗ್ಗದ ಶೇಖರ್ ನಾಯಕ್. 2017ರ ಜನವರಿಯಲ್ಲಿ, ಅಂದರೆ ನಾನು ಹೇಳುತ್ತಿರುವ ಫೈನಲ್ಲಿಗೆ ಕೆಲವೇ ದಿನ ಮುಂಚೆ, ಅವರಿಗೆ ಪದ್ಮಶ್ರೀ ಪ್ರಕಟವಾಗಿತ್ತು. ಬೆಂಗಳೂರಿನಲ್ಲಿ ಸಮರ್ಥನಂ ಸಂಸ್ಥೆ ಕಟ್ಟಿದ, ಸ್ವತಃ ದೃಷ್ಟಿಯಿಲ್ಲದ ಮಹಾಂತೇಶ ಕಿವಡಸಣ್ಣವರ್ ಭಾರತದ ಅಂಧರ ಕ್ರಿಕೆಟ್ ಸಂಸ್ಥೆಯನ್ನೂ ಮುನ್ನಡೆಸಿದವರು. ಆಟ ಹುಟ್ಟಿದ್ದು ಬಹಳ ದೂರದಲ್ಲಿ, 1922ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ. ಕಾರ್ಖಾನೆಯೊಂದರ ಅಂಧ ಕೆಲಸಗಾರರು ತಗಡಿನ ಡಬ್ಬಿಯೊಳಗೆ ಕಲ್ಲು ಹಾಕಿ ಆಡಲು ತೊಡಗಿದರಂತೆ. ಡಬ್ಬಿಯಿಂದ ಬೇರಿಂಗ್ ಚೆಂಡಿಗೆ ಬಂದ ಆಟ ನಮ್ಮಲ್ಲಿ ಬೇರೂರಿದ ಬಗೆ ಬೇರೆಲ್ಲೂ ಇಲ್ಲ.

2022ರ ಡಿಸೆಂಬರ್ 17ರಂದು ಮೂರನೇ ಟಿ-20 ವಿಶ್ವಕಪ್ಪಿನ ಫೈನಲ್ಲೂ ಚಿನ್ನಸ್ವಾಮಿಯಲ್ಲೇ. ಈ ಸಲ ಎದುರಾಳಿ ಬಾಂಗ್ಲಾದೇಶ. ಭಾರತ 29ಕ್ಕೆ ಎರಡು ವಿಕೆಟ್ ಕಳೆದುಕೊಂಡಾಗ ಪಂದ್ಯಕ್ಕೆ ಬಿಸಿ ಬಂತು. ಆಮೇಲೆ ಚಿಕ್ಕಮಗಳೂರಿನ ಸುನಿಲ್ ರಮೇಶ್ 136, ನಾಯಕ ಅಜಯ್ ಕುಮಾರ್ ರೆಡ್ಡಿ 100. ಇಬ್ಬರೂ ಔಟಾಗಲಿಲ್ಲ. ಮುರಿಯದ 248 ರನ್ನಿನ ಜೊತೆಯಾಟ, 2 ವಿಕೆಟ್ಟಿಗೆ 277. ಸುನಿಲ್ ದೊಡ್ಡ ಪಂದ್ಯದ ಆಟಗಾರ. 2018ರಲ್ಲಿ ಶಾರ್ಜಾದಲ್ಲಿ ಪಾಕಿಸ್ತಾನದ ವಿರುದ್ಧ ಏಕದಿನ ವಿಶ್ವಕಪ್ ಫೈನಲ್ಲಿನಲ್ಲಿ 93 ಹೊಡೆದು ತಂಡವನ್ನು ದಡ ಮುಟ್ಟಿಸಿದವರೂ ಅವರೇ.

ಬಾಂಗ್ಲಾದೇಶ ಮಾಡಿದ್ದು 3 ವಿಕೆಟ್ಟಿಗೆ 157. ಇಲ್ಲಿ ನನ್ನ ತಕರಾರಿದೆ. ಏಳು ವಿಕೆಟ್ ಕೈಯಲ್ಲಿಟ್ಟುಕೊಂಡು 120 ರನ್ನಿನಿಂದ ಸೋಲುವುದು ಎಂಥ ಆಟ? ಸಲ್ಮಾನ್ 77 ಹೊಡೆದು ಔಟಾಗದೆ ಉಳಿದರು, ಸರಿ. ಆದರೆ ಓವರಿಗೆ ಹದಿನಾಲ್ಕರ ಲೆಕ್ಕದಲ್ಲಿ ಬೆನ್ನಟ್ಟಬೇಕಾದ ತಂಡ ವಿಕೆಟ್ ಕಾಯುತ್ತಾ ಕೂತರೆ ಸೋಲನ್ನು ಒಪ್ಪಿಕೊಂಡೇ ಆಡಿದ ಹಾಗೆ. ಮರುದಿನದ ಪತ್ರಿಕೆಗಳಲ್ಲಿ ಈ ಮಾತನ್ನು ಹುಡುಕಿದೆ, ಎಲ್ಲೂ ಕಾಣಲಿಲ್ಲ. ‘ಅಂಧರ ಸಾಧನೆ’, ‘ಕತ್ತಲೆ ಗೆದ್ದವರು’, ಇಂಥವೇ ತಲೆಬರಹ. ಬೇರೆ ಯಾವುದೇ ಫೈನಲ್ ಆಗಿದ್ದರೆ ಬಾಂಗ್ಲಾದ ನಾಯಕನನ್ನು ಕ್ರೀಡಾ ಪುಟದ ವಿಮರ್ಶಕರು ಹಿಗ್ಗಾಮುಗ್ಗಾ ಜಾಡಿಸಿರುತ್ತಿದ್ದರು. ಆ ಜಾಡಿಸುವಿಕೆಯೂ ಈ ಆಟಗಾರರಿಗೆ ಸಲ್ಲಬೇಕಾದ ಪಾಲು.

ಆ ಸಲ ಪಾಕಿಸ್ತಾನ ತಂಡಕ್ಕೆ ಬರಲಾಗಲಿಲ್ಲ, ವೀಸಾ ಸಿಗಲಿಲ್ಲ. 2024ರಲ್ಲಿ ವಿಶ್ವಕಪ್ ಪಾಕಿಸ್ತಾನದಲ್ಲಿ ನಡೆದಾಗ ಭಾರತ ಹೋಗಲಿಲ್ಲ. ಜಗತ್ತಿನ ಅತ್ಯುತ್ತಮ ಎರಡು ತಂಡಗಳು ಪರಸ್ಪರ ಆಡದ ವಿಶ್ವಕಪ್ ನೋಡುವವನ ಪಾಲಿಗೆ ಅರ್ಧ ಊಟ. ನಡುವೆ 2023ರಲ್ಲಿ ಬರ್ಮಿಂಗ್‌ಹ್ಯಾಮಿನ ಅಂಧರ ವಿಶ್ವ ಕ್ರೀಡಾಕೂಟದಲ್ಲಿ ಇಬ್ಬರೂ ಎದುರಾದರು, ಫೈನಲ್ಲಿನಲ್ಲಿ ಪಾಕಿಸ್ತಾನ ಎಂಟು ವಿಕೆಟ್ಟಿನಿಂದ ಗೆದ್ದಿತು. ಅದೇ ಕೂಟದಲ್ಲಿ ನಮ್ಮ ಹೆಣ್ಣುಮಕ್ಕಳು ಆಸ್ಟ್ರೇಲಿಯಾವನ್ನು ಸೋಲಿಸಿ ಚಿನ್ನ ತಂದರು. ಹೆಣ್ಣುಮಕ್ಕಳ ಮೊದಲ ಟಿ-20 ವಿಶ್ವಕಪ್ ನಡೆದದ್ದು 2025ರ ನವೆಂಬರಿನಲ್ಲಿ, ಗಂಡಸರದಾಗಿ ಹದಿಮೂರು ವರ್ಷಕ್ಕೆ. ಕೊಲಂಬೊದಲ್ಲಿ ನೇಪಾಳವನ್ನು ಏಳು ವಿಕೆಟ್ಟಿನಿಂದ ಸೋಲಿಸಿ ಕಪ್ ಎತ್ತಿದ ನಾಯಕಿ ದೀಪಿಕಾ ಟಿ.ಸಿ., ಕರ್ನಾಟಕ–ಆಂಧ್ರ ಗಡಿಯ ಹಳ್ಳಿಯವರು, ಆಡುವುದು ಕರ್ನಾಟಕಕ್ಕೆ.

ನಮ್ಮ ಮಂಡ್ಯ ಜಿಲ್ಲೆಗೆ ಅಂಗವಿಕಲರ ಕ್ರೀಡೆ ಹೊಸದೇನಲ್ಲ. ನಾಗಮಂಗಲದ ಲಾಳನಕೆರೆಯನ್ನು ಹೆಸರಿನಲ್ಲೇ ಇಟ್ಟುಕೊಂಡ ಸುಹಾಸ್ ಯತಿರಾಜ್ ಟೋಕಿಯೊ, ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಬೆಳ್ಳಿ ತಂದಾಗ ಇಲ್ಲೂ ಸಂಭ್ರಮಿಸಿದ್ದೇವೆ. ಆದರೆ ಆ ಆಟಗಳನ್ನು ಎದುರು ಕೂತು ನೋಡಿದವರು ನಮ್ಮಲ್ಲಿ ಕಡಿಮೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಅಂಧರ ಕ್ರಿಕೆಟ್ ಇಲ್ಲ, ಹಾಗಾಗಿ ಟೀವಿಯಲ್ಲೂ ಅದು ಸಿಕ್ಕುವುದು ಅಪರೂಪ. ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಒಂದು ಪಂದ್ಯ ಏರ್ಪಡಿಸಲು ದೊಡ್ಡ ಖರ್ಚೇನೂ ಬೇಡ. ಬೌಂಡರಿ ಚಿಕ್ಕದು, ಚೆಂಡು ತಂಡದವರೇ ತರುತ್ತಾರೆ. ಸಂಘಟಿಸಲು ಮನಸ್ಸು ಮಾಡುವವರಿಗೆ ನನ್ನದೊಂದೇ ವಿನಂತಿ: ಗಣ್ಯರ ಭಾಷಣ, ಸಿನಿಮಾ ಹಾಡು, ಧ್ವನಿವರ್ಧಕ ಎಲ್ಲವನ್ನೂ ಎರಡು ಇನಿಂಗ್ಸ್‌ಗಳ ನಡುವೆ ಇಟ್ಟುಕೊಳ್ಳಿ. ಕುರ್ಚಿಗಳನ್ನು ಮಾತ್ರ ಬೌಂಡರಿ ಗೆರೆಗೆ ಆದಷ್ಟು ಹತ್ತಿರ ಹಾಕಿ.