ದಂತವೈದ್ಯಶಾಲೆಯ ಶುದ್ಧಿಸೂತ್ರಗಳು: ಒಂದು ವಿಮರ್ಶೆ

ಅಮೆರಿಕಾ ಸಂಯುಕ್ತ ಸಂಸ್ಥಾನದ ರೋಗನಿಯಂತ್ರಣ ಕೇಂದ್ರದವರು 2003ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು, ದಂತಚಿಕಿತ್ಸೆಯಲ್ಲಿ ಸೋಂಕನ್ನು ತಡೆಯುವ ವಿಷಯಕ್ಕೆ ಪ್ರಮಾಣಗ್ರಂಥವೆಂದು ಬಹುಮಂದಿಯ ಮನ್ನಣೆಗೆ ಪಾತ್ರವಾಗಿದೆ. 1986ರಲ್ಲಿಯೂ 1993ರಲ್ಲಿಯೂ ಅದೇ ಕೇಂದ್ರವು ಹೊರಡಿಸಿದ್ದ ಸಲಹೆಗಳನ್ನು ತಿದ್ದಿ ಬೆಳೆಯಿಸಿದ ಕೃತಿಯಿದು. ಪ್ರಮಾಣಗ್ರಂಥಕ್ಕೆ ಗೌರವವು ಎಷ್ಟು ಅವಶ್ಯವೋ ಪರೀಕ್ಷೆಯೂ ಅಷ್ಟೇ ಅವಶ್ಯವಷ್ಟೆ.

ಈ ಕೃತಿಯ ಹಿನ್ನೆಲೆಯಲ್ಲಿ ಒಂದು ಭಯದ ಛಾಯೆಯುಂಟು. ಫ್ಲಾರಿಡಾ ಪ್ರಾಂತದಲ್ಲಿ ಏಡ್ಸ್ ರೋಗಿಯಾಗಿದ್ದ ದಂತವೈದ್ಯನೊಬ್ಬನಿಂದ ಚಿಕಿತ್ಸೆ ಪಡೆದವರಿಗೆ ಎಚ್‌ಐವಿ ಸೋಂಕು ತಗುಲಿತೆಂಬ ವರದಿಯು 1990ರಲ್ಲಿ ಮೊದಲು ಹೊರಬಿದ್ದು, ಕ್ರಮೇಣ ಅಂಥವರ ಸಂಖ್ಯೆ ಆರಕ್ಕೇರಿತು. ಸೋಂಕು ದಾಟಿದ ಬಗೆ ಯಾವುದೆಂಬುದು ನಿಶ್ಚಯವಾಗಲೇ ಇಲ್ಲ. ಇಂತಹ ಸಂದರ್ಭದಲ್ಲಿ ಊಹೆಗೆ ಎಡೆಗೊಟ್ಟು ಕಠಿಣವಾದ ವಿಧಿಗಳನ್ನು ಪೇರಿಸುವುದು ಸುಲಭ. ಮಾರ್ಗದರ್ಶಿಯ ಕರ್ತೃಗಳು ಹಾಗೆ ಮಾಡಲಿಲ್ಲ. ಪ್ರತಿಯೊಂದು ಸೂತ್ರಕ್ಕೂ ಅದರ ಆಧಾರದ ಬಲವನ್ನನುಸರಿಸಿ ದರ್ಜೆಯನ್ನು ಗೊತ್ತುಮಾಡಿ, ಆಧಾರ ಸಾಲದೆಡೆಯಲ್ಲಿ ಪ್ರಶ್ನೆಯು ಇತ್ಯರ್ಥವಾಗಿಲ್ಲವೆಂದೇ ಬರೆದಿದ್ದಾರೆ. ಶಾಸ್ತ್ರಗ್ರಂಥಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣವಿಲ್ಲ.

ಗ್ರಂಥದ ಮೂಲತತ್ತ್ವವೂ ಶ್ಲಾಘ್ಯವಾದುದು. ರೋಗಿಯ ಮುಖವನ್ನೋ ಚರಿತ್ರೆಯನ್ನೋ ನೋಡಿ ಎಚ್ಚರಿಕೆಯನ್ನು ಹೆಚ್ಚುಕಡಿಮೆ ಮಾಡಲಾಗದು. ಎಲ್ಲರ ರಕ್ತವನ್ನೂ ಎಲ್ಲರ ಜೊಲ್ಲನ್ನೂ ಸಮಾನವಾಗಿ ಶಂಕಿಸಬೇಕೆಂಬುದೇ ಆ ತತ್ತ್ವ. ಕನ್ನಡಿಗರಿಗೆ ‘ಎಂಜಲು’ ಎಂಬ ಮಾತು ಚಿರಪರಿಚಿತ. ಆದರೆ ಎಂಜಲಿನ ಆಚಾರದಲ್ಲಿ ತನ್ನವರು, ಪರರು ಎಂಬ ಭೇದವುಂಟು. ತಾಯಿಯ ಎಂಜಲನ್ನು ಮಗು ಉಣ್ಣಬಹುದು. ಈ ಶಾಸ್ತ್ರದಲ್ಲಿ ಆ ಭೇದವಿಲ್ಲ. ಹೆಪಟೈಟಿಸ್ ಬಿ ರೋಗದ ವೈರಸ್ಸು ಹೊರನೋಟಕ್ಕೆ ಆರೋಗ್ಯವಂತನಾದವನ ರಕ್ತದಲ್ಲಿಯೂ ಇರಬಲ್ಲುದಾದ ಕಾರಣ ಇದು ಯುಕ್ತವೇ ಸರಿ.

ಉಪಕರಣಗಳ ವಿಚಾರದಲ್ಲಿ ಸೂತ್ರಗಳು ಸ್ಪಷ್ಟವಾಗಿವೆ. ಹಲ್ಲನ್ನು ಕೊರೆಯುವ ಕೈಯುಪಕರಣದ ಹೊರಮೈಯನ್ನು ಒರಸಿದರೆ ಸಾಲದು. ಬಾಯಿಯ ದ್ರವವು ಅದರ ಒಳಕ್ಕೆ ಸೆಳೆಯಲ್ಪಟ್ಟು ಮುಂದಿನ ರೋಗಿಯ ಬಾಯಿಗೆ ಬೀಳಬಹುದು. ಆದುದರಿಂದ ಒಬ್ಬೊಬ್ಬ ರೋಗಿಯ ತರುವಾಯವೂ ಅದನ್ನು ಕಾವಿನಿಂದ ಕ್ರಿಮಿರಹಿತವಾಗಿ ಮಾಡತಕ್ಕುದೆಂದು ವಿಧಿಸಿದೆ. ಇಲ್ಲಿ ಕಾರಣವೂ ಕಾರ್ಯವೂ ಒಂದನ್ನೊಂದು ಬಿಡದೆ ನಿಂತಿವೆ.

ನೀರಿನ ಪ್ರಕರಣಕ್ಕೆ ಬಂದಾಗ ಈ ಸ್ಪಷ್ಟತೆಯು ಮಸುಕಾಗುತ್ತದೆ. ಚಿಕಿತ್ಸೆಯ ಕುರ್ಚಿಗೆ ನೀರನ್ನೊಯ್ಯುವ ಸಣ್ಣ ಕೊಳವೆಗಳ ಒಳಮೈಯಲ್ಲಿ ಬ್ಯಾಕ್ಟೀರಿಯಗಳು ಲೋಳೆಯಂತೆ ಕಟ್ಟಿ ವೃದ್ಧಿಯಾಗುತ್ತವೆ. ಸಾಮಾನ್ಯ ಚಿಕಿತ್ಸೆಯ ನೀರಿನಲ್ಲಿ ಮಿಲಿಲೀಟರಿಗೆ 500ಕ್ಕಿಂತ ಹೆಚ್ಚು ಬ್ಯಾಕ್ಟೀರಿಯಗಳು ಇರಕೂಡದೆಂದೂ, ಶಸ್ತ್ರಕ್ರಿಯೆಗೆ ಮಾತ್ರ ಕ್ರಿಮಿರಹಿತ ದ್ರವವು ಬೇಕೆಂದೂ ಮಾರ್ಗದರ್ಶಿಯು ಹೇಳುತ್ತದೆ. ರೋಗಿಯಾದ ಮೇಲೆ 20ರಿಂದ 30 ಸೆಕೆಂಡುಗಳವರೆಗೆ ನೀರನ್ನು ಹರಿಯಬಿಡುವುದರಿಂದ ಒಳಸೇರಿದ ಜೊಲ್ಲುರಕ್ತಗಳು ಹೋದಾವೇ ಹೊರತು ಲೋಳೆಯು ಹೋಗದೆಂಬುದೂ ಅದಕ್ಕೆ ತಿಳಿದಿದೆ. ಇಷ್ಟು ತಿಳಿದೂ, ನೀರನ್ನು ಪರೀಕ್ಷಿಸುವ ಕ್ರಮವನ್ನು ಯಂತ್ರವನ್ನು ತಯಾರಿಸಿದವರಿಂದ ಕೇಳಿ ತಿಳಿಯಬೇಕೆಂದು ಬಿಟ್ಟುಬಿಟ್ಟಿದೆ. ಎಷ್ಟು ದಿನಗಳಿಗೊಮ್ಮೆ, ಯಾರು, ಯಾವ ಲೆಕ್ಕದಲ್ಲಿ ಬರೆದಿಡಬೇಕೆಂಬುದನ್ನು ತಾನೇ ಗೊತ್ತುಪಡಿಸಲಿಲ್ಲ.

ಈ ಮೌನದ ಬೆಲೆಯು ಹನ್ನೆರಡು ವರುಷಗಳ ಅನಂತರ ಕಂಡುಬಂದಿತು. 2015ರಲ್ಲಿ ಜಾರ್ಜಿಯಾ ಪ್ರಾಂತದ ಮಕ್ಕಳ ದಂತವೈದ್ಯಶಾಲೆಯೊಂದರಲ್ಲಿ, ಹಾಲುಹಲ್ಲಿನ ತಿರುಳಿನ ಕೆಟ್ಟ ಭಾಗವನ್ನು ತೆಗೆಯಿಸಿಕೊಂಡ ಮಕ್ಕಳಿಗೆ ‘ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್’ ಎಂಬ ಬ್ಯಾಕ್ಟೀರಿಯದ ಸೋಂಕು ತಗುಲಿತು. ಏಳು ಚಿಕಿತ್ಸಾಸ್ಥಾನಗಳ ನೀರಿನಲ್ಲಿಯೂ ಬ್ಯಾಕ್ಟೀರಿಯಗಳು ಮಿತಿಯನ್ನು ಮೀರಿದ್ದುವು. ಸರಾಸರಿ ಎಣಿಕೆಯು 91,333. ಮರುವರುಷ ಕ್ಯಾಲಿಫೋರ್ನಿಯಾದ ಆನಹೈಮ್ ನಗರದಲ್ಲಿ ಇಂತಹುದೇ ಅನಾಹುತವು 71 ಮಕ್ಕಳನ್ನು ಬಾಧಿಸಿತು. ಹಲವರಿಗೆ ದವಡೆಯ ಭಾಗವನ್ನು ಕೊಯ್ದು ತೆಗೆಯಬೇಕಾಯಿತು.

ಮಿತಿಯನ್ನು ಗ್ರಂಥವು ಹೇಳಿಯೇ ಇತ್ತಲ್ಲವೆ, ಅದನ್ನು ಮೀರಿದವರ ದೋಷವನ್ನು ಗ್ರಂಥದ ಮೇಲೆ ಹೊರಿಸಬಹುದೆ, ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ, ಅಂಕಿಯಲ್ಲಿ ದೋಷವಿಲ್ಲ. ಆದರೆ ಕಣ್ಣಿಗೆ ಕಾಣದುದಕ್ಕೆ ಮಿತಿಯನ್ನು ವಿಧಿಸಿ, ಅಳೆಯುವ ಕಾಲವನ್ನು ವಿಧಿಸದಿದ್ದರೆ, ಮಿತಿಯು ಕಾಗದದಲ್ಲಿಯೇ ನಿಲ್ಲುತ್ತದೆ. ಎರಡನೆಯದಾಗಿ, ಶಸ್ತ್ರಕ್ರಿಯೆಯ ಉದಾಹರಣೆಗಳಾಗಿ ಒಸಡು, ಬೇರುತುದಿ ಮುಂತಾದವುಗಳ ಕೊಯ್ತವನ್ನು ಹೆಸರಿಸಿದ ಗ್ರಂಥವು ತಿರುಳಿನ ಚಿಕಿತ್ಸೆಯನ್ನು ಹೆಸರಿಸಲಿಲ್ಲ. ಹಲ್ಲಿನ ತಿರುಳು ರಕ್ತನಾಳಗಳುಳ್ಳ ಜೀವಂತ ಭಾಗ. ಅದನ್ನು ತೆರೆದು ಕೊಳವೆಯ ನೀರನ್ನು ಬಿಡುವುದಕ್ಕೂ ಗಾಯಕ್ಕೆ ಬಿಡುವುದಕ್ಕೂ ಹೆಚ್ಚಿನ ಅಂತರವಿಲ್ಲ. ಕತ್ತಿಯಿಂದ ಕೊಯ್ದರೆ ಮಾತ್ರ ಶಸ್ತ್ರಕ್ರಿಯೆಯೆಂಬ ಭಾವನೆಯು ಇಲ್ಲಿ ವಿಭಾಗವನ್ನು ತಪ್ಪಿಸಿದೆ.

ಕೇಂದ್ರದವರು 2022ರ ಅಕ್ಟೋಬರಿನಲ್ಲಿ ನೀರಿನ ಕೊಳವೆಗಳ ವಿಷಯವಾಗಿ ವೈದ್ಯರಿಗೆ ಪ್ರತ್ಯೇಕವಾದ ಎಚ್ಚರಿಕೆಯನ್ನು ಹೊರಡಿಸಬೇಕಾಗಿ ಬಂದುದೇ ಈ ನ್ಯೂನತೆಗೆ ಸಾಕ್ಷಿ. ಒಟ್ಟಿನಲ್ಲಿ ಮಾರ್ಗದರ್ಶಿಯು ರಕ್ತದ ಭಯವನ್ನು ವಿವೇಕದಿಂದ ಎದುರಿಸಿತು. ನೀರಿನ ಭಯವನ್ನು ತಿಳಿದಿದ್ದರೂ ಅದನ್ನು ಇತರರ ಪಾಲಿಗೆ ವಹಿಸಿತು. ಮುಂದಿನ ಪರಿಷ್ಕರಣದಲ್ಲಿ ಪರೀಕ್ಷೆಯ ಅವಧಿಯನ್ನೂ ಹೊಣೆಗಾರನನ್ನೂ ಗೊತ್ತುಮಾಡಿ, ತಿರುಳಿನ ಚಿಕಿತ್ಸೆಯನ್ನು ಕ್ರಿಮಿರಹಿತ ದ್ರವದ ವರ್ಗಕ್ಕೆ ಸೇರಿಸಿದಲ್ಲಿ, ಈ ಗ್ರಂಥವು ತಾನೇ ಸಾರಿದ ತತ್ತ್ವಕ್ಕೆ ಪೂರ್ಣವಾಗಿ ನಿಷ್ಠವಾದೀತು.