ಗಂಟಿಗೂ ಒಂದು ವಯಸ್ಸಿದೆ

ಅಕ್ಟೋಬರ್ ಬಂತೆಂದರೆ ನಮ್ಮ ಪತ್ರಿಕೆಗಳ ಆರೋಗ್ಯ ಪುಟಗಳಿಗೆ ಗುಲಾಬಿ ಬಣ್ಣ ಬರುತ್ತದೆ. ಅಮೆರಿಕದಲ್ಲಿ 1985ರಲ್ಲಿ ಆರಂಭವಾದ ಸ್ತನ ಕ್ಯಾನ್ಸರ್ ಜಾಗೃತಿ ಅಭಿಯಾನ ಈಗ ನಮ್ಮೂರಿನ ಆಸ್ಪತ್ರೆಗಳ ಗೋಡೆಗೂ ಬಂದು ತಲುಪಿದೆ. ಒಳ್ಳೆಯದೇ. ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಕ್ಯಾನ್ಸರ್ ಸ್ತನದ್ದೇ. ಆದರೆ ಈ ಬರಹಗಳನ್ನು ಹದಿನೈದರ ಮಗಳಿರುವ ತಾಯಿಯ ಕಣ್ಣಿನಿಂದ ಒಮ್ಮೆ ಓದಿ ನೋಡಬೇಕು. 'ಗಂಟು ಕಂಡರೆ ಎಚ್ಚರ' ಎಂದು ದೊಡ್ಡ ಅಕ್ಷರದಲ್ಲಿರುತ್ತದೆ. ಯಾರ ಗಂಟು? ಯಾವ ವಯಸ್ಸಿನ ಗಂಟು? ಅದನ್ನು ಬರೆದಿರುವುದಿಲ್ಲ.

ಮಗಳು ಸ್ನಾನ ಮುಗಿಸಿ ಬಂದು, 'ಅಮ್ಮಾ, ಇಲ್ಲೇನೋ ಗೋಲಿಯ ಹಾಗೆ ಕೈಗೆ ಸಿಗುತ್ತದೆ' ಎಂದಳೆಂದರೆ ಆ ತಾಯಿಗೆ ನೆನಪಾಗುವುದು ಇದೇ ಶೀರ್ಷಿಕೆ. ಆಕೆ ಗಂಡನಿಗೆ ಹೇಳುವುದಿಲ್ಲ, ಅತ್ತೆಗಂತೂ ಹೇಳುವುದೇ ಇಲ್ಲ. ನಾಳೆ ಹೆಣ್ಣು ನೋಡಲು ಬರುವವರ ಕಿವಿಗೆ ಬಿದ್ದರೆ ಎಂಬ ಲೆಕ್ಕಾಚಾರ ಆಗಲೇ ಶುರುವಾಗಿರುತ್ತದೆ. ಒಂದು ಕಡೆ ಲೇಖನ ಕೊಟ್ಟ ಭಯ, ಇನ್ನೊಂದು ಕಡೆ ಮನೆ ಕೊಟ್ಟ ನಾಚಿಕೆ. ಇವೆರಡೂ ಸೇರಿ ಡಾಕ್ಟರರ ಬಳಿ ಹೋಗುವ ದಿನವನ್ನು ಮುಂದೂಡುತ್ತವೆ.

ಲೇಖಕರು ಬರೆಯಬೇಕಾಗಿದ್ದ ಸಂಗತಿ ನಿಜಕ್ಕೂ ಸಮಾಧಾನ ತರುವಂಥದ್ದು. ಹದಿಹರೆಯದ ಹುಡುಗಿಯರ ಎದೆಯ ಗಂಟುಗಳಲ್ಲಿ ಹೆಚ್ಚಿನವು ಫೈಬ್ರೊಅಡಿನೋಮಾ. ನುಣುಪಾಗಿ, ರಬ್ಬರಿನಂತೆ ಗಟ್ಟಿಯಾಗಿ, ಬೆರಳಿಟ್ಟರೆ ಜಾರಿ ಅತ್ತಿತ್ತ ಓಡುವ ಗಂಟು ಅದು. ಸಾಮಾನ್ಯವಾಗಿ ನೋವಿರುವುದಿಲ್ಲ. ಕ್ಯಾನ್ಸರೂ ಅಲ್ಲ. ಆ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಅಪರೂಪದಲ್ಲಿ ಅಪರೂಪ. ಡಾಕ್ಟರರು ಕೈಯಿಂದ ಪರೀಕ್ಷಿಸಿ, ಕೆಲವೊಮ್ಮೆ ಒಂದೆರಡು ಮುಟ್ಟಿನ ಅವಧಿ ಕಳೆಯಲಿ ಎಂದು ಕಾಯಿಸುತ್ತಾರೆ. ಬೇಕೆನಿಸಿದರೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಲೇಖನಗಳ ಜೊತೆ ತಪ್ಪದೆ ಅಚ್ಚಾಗುವ ಮ್ಯಾಮೋಗ್ರಾಂ ಯಂತ್ರದ ಚಿತ್ರಕ್ಕೂ ಈ ಹುಡುಗಿಗೂ ಸಂಬಂಧವಿಲ್ಲ. ಎಳೆಯ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಅದರಲ್ಲಿ ಸರಿಯಾಗಿ ಏನೂ ಕಾಣುವುದಿಲ್ಲ. ಸಣ್ಣ ಗಂಟಾದರೆ ಆಗಾಗ ನೋಡುತ್ತಾ ಬಂದರೆ ಸಾಕು. ಎಷ್ಟೋ ಗಂಟುಗಳು ತಾವಾಗಿಯೇ ಕುಗ್ಗುತ್ತವೆ. ಐದು ಸೆಂಟಿಮೀಟರ್ ದಾಟಿದರೆ, ಬೇಗ ಬೇಗ ಬೆಳೆದರೆ, ಚರ್ಮ ಬದಲಾದರೆ, ತೊಟ್ಟಿನಿಂದ ರಕ್ತ ಬಂದರೆ ತಡಮಾಡಬಾರದು. ಹಿಂದೆ ಎದೆಯ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದಿದ್ದ ಮಗುವಾದರೂ ಅಷ್ಟೇ.

ಇನ್ನೂ ಚಿಕ್ಕ ಹುಡುಗಿಯರದ್ದು ಬೇರೆಯೇ ಕಥೆ. ಒಂಬತ್ತು ಹತ್ತರ ಹುಡುಗಿಗೆ ಒಂದೇ ಕಡೆ ತೊಟ್ಟಿನ ಕೆಳಗೆ ಗಟ್ಟಿಯಾಗಿ ಸಿಗುವುದು ಸಾಮಾನ್ಯವಾಗಿ ಗಂಟೇ ಅಲ್ಲ, ಮೂಡುತ್ತಿರುವ ಸ್ತನದ ಮೊಗ್ಗು. ಇನ್ನೊಂದು ಕಡೆ ಕೆಲವು ತಿಂಗಳು ತಡವಾಗಿ ಮೂಡಬಹುದು. ಗಾಬರಿಯಲ್ಲಿ ಅದನ್ನು ಕತ್ತರಿಸಿ ತೆಗೆಸಿದರೆ ಆ ಭಾಗದಲ್ಲಿ ಸ್ತನ ಬೆಳೆಯದೆಯೇ ಉಳಿಯಬಹುದು. ಭಯ ಹುಟ್ಟಿಸಿ ಬರೆಯುವವರು ಈ ಒಂದು ಮಾತನ್ನಾದರೂ ತಿಳಿದಿರಬೇಕು.

'ಪ್ರತಿ ತಿಂಗಳು ಸ್ವಯಂ ಪರೀಕ್ಷೆ ಮಾಡಿಕೊಳ್ಳಿ' ಎಂಬುದು ಇನ್ನೊಂದು ಸಿದ್ಧ ಉಪದೇಶ. ಶಾಂಘೈನ ಬಟ್ಟೆ ಗಿರಣಿಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಈ ಪರೀಕ್ಷೆ ಕಲಿಸಲಾಯಿತು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಲಿತವರಲ್ಲಿ ಸಾವು ಕಡಿಮೆಯಾಗಲಿಲ್ಲ. ಅಪಾಯವಿಲ್ಲದ ಗಂಟುಗಳ ಪತ್ತೆ ಮತ್ತು ಅವುಗಳ ಬಯಾಪ್ಸಿ ಮಾತ್ರ ಹೆಚ್ಚಾದವು. ಬೆಳೆದ ಹೆಂಗಸರ ಮಾತೇ ಹೀಗಿರುವಾಗ ಪ್ರೌಢಶಾಲೆಯ ಹುಡುಗಿಯರಿಗೂ ಅದನ್ನೇ ಬೋಧಿಸುವುದರ ಅರ್ಥವೇನು? ತನ್ನ ದೇಹದಲ್ಲಿ ಬದಲಾವಣೆ ಕಂಡರೆ ಸಂಕೋಚವಿಲ್ಲದೆ ಮನೆಯಲ್ಲಿ ಹೇಳುವುದು ಬೇರೆ, ತಿಂಗಳು ತಿಂಗಳು ಕಾಯಿಲೆಯನ್ನು ಹುಡುಕುತ್ತಾ ಕೂರುವುದು ಬೇರೆ.

ಸಾಹಿತ್ಯವನ್ನೂ ಈ ಮಾತಿನಿಂದ ಹೊರಗಿಡಲಾಗದು. ಮಹಾಶ್ವೇತಾ ದೇವಿಯವರ 'ಸ್ತನದಾಯಿನಿ'ಯ ಜಶೋದಾ ಹಾಲೂಡಿಸಿ ಹಾಲೂಡಿಸಿ ಕೊನೆಗೆ ಸ್ತನ ಕ್ಯಾನ್ಸರಿನಿಂದ ಸಾಯುತ್ತಾಳೆ. ದೊಡ್ಡ ಕಥೆ, ಅನುಮಾನವಿಲ್ಲ. ಆದರೆ ನಾವು ಓದುವ ಬರವಣಿಗೆಯಲ್ಲಿ ಹೆಣ್ಣಿನ ಎದೆಗೆ ತಾಯ್ತನ, ಶೃಂಗಾರ, ರೋಗ ಎಂಬ ಮೂರೇ ಪಾಠಗಳಿದ್ದಂತಿವೆ. ಬೆಳೆಯುತ್ತಿರುವ ಹುಡುಗಿ ಈ ಮೂರರಲ್ಲೂ ಇಲ್ಲ. ಕನ್ನಡದಲ್ಲಿ ಅವಳನ್ನೇ ಕರೆದು ಮಾತಾಡಿಸಿದವರು ಡಾ. ಅನುಪಮಾ ನಿರಂಜನ. 'ಕೇಳು ಕಿಶೋರಿ' ಎಂಬ ಪುಸ್ತಕದ ಹೆಸರೇ ಎಷ್ಟು ಆತ್ಮೀಯವಾಗಿದೆ ನೋಡಿ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅವರು 1991ರಲ್ಲಿ ತೀರಿಕೊಂಡರು. ಇಂದಿನ ಆರೋಗ್ಯ ಪುಟಗಳು ಹುಡುಗಿಯ ಬಗ್ಗೆ ತಾಯಿಗೆ ಹೇಳುತ್ತವೆ, ತಾಯಿಯನ್ನು ಹೆದರಿಸುತ್ತವೆ. ಹುಡುಗಿಯೊಡನೆ ಮಾತಾಡುವುದಿಲ್ಲ.

ಅವಳಿಗೂ ಪ್ರಶ್ನೆಗಳಿವೆ. ಲೇಡಿ ಡಾಕ್ಟರೇ ನೋಡುತ್ತಾರಾ? ಅಮ್ಮ ಪಕ್ಕದಲ್ಲೇ ನಿಲ್ಲಬಹುದಾ? ಸೂಜಿ ಚುಚ್ಚುತ್ತಾರಾ? ಕಬಡ್ಡಿ ಆಡಬಹುದಾ? ಬರುವ ಅಕ್ಟೋಬರಿನಲ್ಲಿ ಯಾವುದಾದರೂ ಒಂದು ಪತ್ರಿಕೆ ಮೊದಲು ಇವಕ್ಕೆ ಉತ್ತರ ಬರೆಯಲಿ. ರಿಬ್ಬನ್ನಿನ ಚಿತ್ರಕ್ಕೆ ಜಾಗ ಉಳಿದರೆ ಆಮೇಲೆ ಹಾಕಿಕೊಳ್ಳಲಿ.