ಕೂಲರಿನ ಗುಣದೋಷ

ನಮ್ಮ ಕಲಬುರಗಿ ಕಡೆ ಕೂಲರ್ ಎಂದರೆ ಎಲ್ಲರ ಕಣ್ಣಿಗೂ ಕಟ್ಟುವುದು ಒಂದೇ ಚಿತ್ರ. ಕಿಟಕಿಗೆ ಆನಿಸಿ ನಿಲ್ಲಿಸಿದ ತಗಡಿನ ಪೆಟ್ಟಿಗೆ, ಅದರ ಮೂರು ಮಗ್ಗುಲಿಗೆ ನೀರು ಕುಡಿದ ಹುಲ್ಲಿನ ತಡಿಕೆ, ಒಳಗೆ ಗಡಗಡ ಎನ್ನುವ ಫ್ಯಾನು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಈ ಪೆಟ್ಟಿಗೆಯ ಎದುರು ಜಾಗ ಸಿಕ್ಕವನೇ ಪುಣ್ಯವಂತ. ಮೇಜಿನ ಕಂಪ್ಯೂಟರಿನಲ್ಲಿ ಪ್ರೊಸೆಸರಿನ ನೆತ್ತಿಯ ಮೇಲೆ ಕೂರಿಸುವ ಲೋಹದ ಗೋಪುರವನ್ನೂ ಜನ ಕೂಲರ್ ಎಂದೇ ಕರೆಯುತ್ತಾರೆ. ಹೆಸರು ಒಂದಾದ ಮೇಲೆ ಗುಣವೂ ಒಂದೇ ಇರಬೇಕೆಂದು ಭಾವಿಸುವುದು ಸಹಜ. ಈ ವಸ್ತುವಿನ ಗುಣದೋಷ ಹೇಳಹೊರಟವನು ಮೊದಲು ಆ ಭಾವನೆಯನ್ನು ಬಿಡಿಸಬೇಕಾಗುತ್ತದೆ.

ಕಿಟಕಿಯ ಕೂಲರಿನಲ್ಲಿ ನೀರು ಆವಿಯಾಗುತ್ತದೆ. ಅದಕ್ಕೆ ಬೇಕಾದ ಶಾಖವನ್ನು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಆದ್ದರಿಂದ ಒಳಬರುವ ಗಾಳಿ ಹೊರಗಿನದಕ್ಕಿಂತ ನಿಜವಾಗಿಯೂ ತಣ್ಣಗಿರುತ್ತದೆ. ಪ್ರೊಸೆಸರಿನ ಗಾಳಿ ಕೂಲರಿಗೆ ಈ ಶಕ್ತಿಯಿಲ್ಲ. ಒಂದು ಪುಟ್ಟ ಚಿಪ್ಪಿನಲ್ಲಿ ಹುಟ್ಟಿದ ಬಿಸಿಯನ್ನು ಎತ್ತಿಕೊಂಡು, ತೆಳುವಾದ ಹತ್ತಾರು ತಗಡುಗಳ ಮೇಲೆ ಹರವಿ, ಕೋಣೆಯ ಗಾಳಿಗೆ ಒಪ್ಪಿಸುತ್ತದೆ, ಅಷ್ಟೆ. ಅದೊಬ್ಬ ಹಮಾಲ ಅನ್ನಿ. ಹಮಾಲ ಮೂಟೆಯನ್ನು ಲಾರಿಯಿಂದ ಗೋದಾಮಿಗೆ ಸಾಗಿಸುತ್ತಾನೆಯೇ ಹೊರತು ಮೂಟೆಯನ್ನು ಕರಗಿಸುವುದಿಲ್ಲ. ಕೋಣೆ 40 ಡಿಗ್ರಿ ಇದ್ದರೆ ಜಗತ್ತಿನ ಅತ್ಯುತ್ತಮ ಗಾಳಿ ಕೂಲರ್ ಕೂಡ ಪ್ರೊಸೆಸರನ್ನು 40ಕ್ಕಿಂತ ಕೆಳಗೆ ಇಳಿಸಲಾರದು. ಪ್ರೊಸೆಸರಿನಲ್ಲಿ 150 ವಾಟಿನ ಬಿಸಿ ಹುಟ್ಟಿದರೆ ಅಷ್ಟೂ ಬಿಸಿ ನಿಮ್ಮ ಕೋಣೆಗೇ ಬರುತ್ತದೆ. ಕೂಲರಿಗೆ ಸಾವಿರ ರೂಪಾಯಿ ಕೊಟ್ಟಿರಲಿ, ಹತ್ತು ಸಾವಿರ ಕೊಟ್ಟಿರಲಿ, ಇದು ತಪ್ಪುವುದಿಲ್ಲ.

ವಿನೋದವೆಂದರೆ, ಈ ಹಮಾಲನ ಹೊಟ್ಟೆಯೊಳಗೂ ಇರುವುದು ನೀರೇ. ಬುಡದಿಂದ ತಗಡುಗಳ ನಡುವೆ ಏರಿಹೋಗುವ ತಾಮ್ರದ ಕೊಳವೆಗಳನ್ನು ನೀವು ನೋಡಿರಬಹುದು. ಹೆಚ್ಚಿನವು 6 ಮಿ.ಮೀ. ದಪ್ಪದವು. ಅವು ಗಟ್ಟಿ ಸರಳುಗಳಲ್ಲ. ಒಳಗಿನ ಗಾಳಿಯನ್ನು ತೆಗೆದು, ಸ್ವಲ್ಪವೇ ನೀರು ಬಿಟ್ಟು, ಎರಡೂ ತುದಿ ಮುಚ್ಚಿರುತ್ತಾರೆ. ಒಳಗಿನ ಒತ್ತಡ ಬಹಳ ಕಡಿಮೆ ಇರುವುದರಿಂದ ನೀರು 100 ಡಿಗ್ರಿಗೆ ಕಾಯುವುದಿಲ್ಲ. ಪ್ರೊಸೆಸರ್ ಬೆಚ್ಚಗಾಗುತ್ತಲೇ ಆವಿಯಾಗಿ ಮೇಲಕ್ಕೆ ಓಡುತ್ತದೆ. ತಗಡುಗಳ ಹತ್ತಿರ ಶಾಖ ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ. ಒಳಗೋಡೆಗೆ ಬೆಸೆದ ತಾಮ್ರದ ಪುಡಿಯ ಸಂದಿಗಳಲ್ಲಿ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ, ಬುಡಕ್ಕೆ ಹಿಂದಿರುಗುತ್ತದೆ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ರಿಚರ್ಡ್ ಗಾಗ್ಲರ್ ಎಂಬವರಿಗೆ ಈ ಕಲ್ಪನೆಯ ಪೇಟೆಂಟು ಸಿಕ್ಕಿದ್ದು 1944ರಲ್ಲಿ. 1963ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಸ್ವತಂತ್ರವಾಗಿ ಅದನ್ನು ಕಟ್ಟಿ ತೋರಿಸಿದರು. ಚಲಿಸುವ ಭಾಗವಿಲ್ಲ, ವಿದ್ಯುತ್ ಬೇಡ, ಎಣ್ಣೆ ಬಿಡುವ ಕೆಲಸವಿಲ್ಲ. ಕೂಲರಿನಲ್ಲಿ ನಾನು ಎರಡು ಮಾತಿಲ್ಲದೆ ಮೆಚ್ಚುವ ಭಾಗ ಇದು.

ಮೆಚ್ಚಲಾಗದ್ದು ಅದನ್ನು ಮಾರುವ ರೀತಿ, ಅದರ ಬಗ್ಗೆ ಬರೆಯುವ ರೀತಿ.

ಮೊದಲು ಪೆಟ್ಟಿಗೆಯ ಮೇಲಿನ ಅಂಕಿ ನೋಡಿ. 2022ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ ಕೋರ್ ಐ7-12700 ಪ್ರೊಸೆಸರಿನ ಮೂಲ ವಿದ್ಯುತ್ ಬಳಕೆ 65 ವಾಟ್ ಎಂದು ಕಂಪನಿಯೇ ಹೇಳುತ್ತದೆ. ಅದೇ ಪಟ್ಟಿಯ ಇನ್ನೊಂದು ಸಾಲಿನಲ್ಲಿ ಗರಿಷ್ಠ 180 ವಾಟ್ ಎಂದಿದೆ. ಸುಳ್ಳು ಹೇಳಿಲ್ಲ, ನಿಜ. ಆದರೆ ಕೂಲರ್ ಕೊಳ್ಳಹೊರಟವನು 65ನ್ನು ನಂಬಬೇಕೋ 180ನ್ನೋ? ಪತ್ರ ಬರೆಯುವವನಿಗೆ ಮೊದಲನೆಯದು ಸಾಕು, ಗಂಟೆಗಟ್ಟಲೆ ವಿಡಿಯೋ ಹೊಲಿಯುವವನಿಗೆ ಎರಡನೆಯದೇ ಲೆಕ್ಕ. ಇನ್ನು ಕೂಲರಿನ ಪೆಟ್ಟಿಗೆಗಳ ಮೇಲೆ 180, 220, 250 ವಾಟ್ ಎಂದೆಲ್ಲ ದಪ್ಪ ಅಕ್ಷರದಲ್ಲಿ ಇರುತ್ತದಲ್ಲ, ಅದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆಗೋಲೇ ಇಲ್ಲ. ಒಬ್ಬರ ಸೇರು ಇನ್ನೊಬ್ಬರ ಪಾವು. ಆಸ್ಟ್ರಿಯಾದ ನೊಕ್ಟುವಾ ಕಂಪನಿ ವಾಟಿನ ಅಂಕಿಯನ್ನು ಬದಿಗಿಟ್ಟು, ಯಾವ ಪ್ರೊಸೆಸರಿಗೆ ಯಾವ ಕೂಲರ್ ಹೊಂದುತ್ತದೆ ಎಂಬ ಪಟ್ಟಿಯನ್ನೇ ಕೊಡುತ್ತದೆ. ಇದು ಹೆಚ್ಚು ಪ್ರಾಮಾಣಿಕವಾದ ಕ್ರಮ.

ಎರಡನೆಯದು ಪರೀಕ್ಷೆಯ ಅಂಕಿ. ಕೂಲರುಗಳ ವಿಮರ್ಶೆ ಬರೆಯುವವರಲ್ಲಿ ಬಹುಪಾಲು ಜನ ತಂಪು ದೇಶದವರು. ಅವರ ಕೋಣೆ 20ರಿಂದ 25 ಡಿಗ್ರಿಯೊಳಗೆ ಇರುತ್ತದೆ. ಒಂದು ಕೂಲರ್ ಒಂದು ನಿರ್ದಿಷ್ಟ ಹೊರೆಯಲ್ಲಿ ಪ್ರೊಸೆಸರನ್ನು ಕೋಣೆಗಿಂತ 50 ಡಿಗ್ರಿ ಮೇಲೆ ನಿಲ್ಲಿಸುತ್ತದೆ ಎಂದಿಟ್ಟುಕೊಳ್ಳಿ. 22 ಡಿಗ್ರಿಯ ಕೋಣೆಯಲ್ಲಿ ಅದು 72. ಓದಿದವರಿಗೆ ಸಮಾಧಾನ. ಅದೇ ಕೂಲರ್, ಅದೇ ಹೊರೆ, ನಮ್ಮ 38 ಡಿಗ್ರಿಯ ಕೋಣೆಯಲ್ಲಿ 88. ಮುಚ್ಚಿದ ಕ್ಯಾಬಿನೆಟ್ಟಿನೊಳಗಿನ ಗಾಳಿ ಕೋಣೆಗಿಂತ ಐದಾರು ಡಿಗ್ರಿ ಬಿಸಿ ಇದ್ದರೆ 94ರ ಹತ್ತಿರ. ಆದ್ದರಿಂದ 'ಎಷ್ಟು ಡಿಗ್ರಿ' ಎಂದು ಬರೆದ ವಿಮರ್ಶೆಯಿಂದ ನಮಗೆ ಉಪಯೋಗವಿಲ್ಲ. 'ಕೋಣೆಗಿಂತ ಎಷ್ಟು ಮೇಲೆ' ಎಂದು ಬರೆದದ್ದನ್ನೇ ಹುಡುಕಬೇಕು. ಒಳ್ಳೆಯ ವಿಮರ್ಶಕರು ಹಾಗೆಯೇ ಬರೆಯುತ್ತಾರೆ.

ಸದ್ದಿನ ವಿಷಯವೂ ಹೀಗೆಯೇ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ದೊಡ್ಡ ಕೂಲರ್ ತಂಪು ಕೋಣೆಯಲ್ಲಿ ಅರ್ಧ ವೇಗದಲ್ಲೇ ಕೆಲಸ ಮುಗಿಸಿ ಮೌನಿ ಎಂಬ ಬಿರುದು ಪಡೆಯುತ್ತದೆ. ನಮ್ಮಲ್ಲಿ ಬೇಸಿಗೆ ಪೂರ್ತಿ ಅದು ಓಟದಲ್ಲೇ ಇರುತ್ತದೆ. ಮೌನವ್ರತ ಜೂನ್ ಮಳೆ ಬಿದ್ದ ಮೇಲೆ.

ಇದು ತರ್ಕದ ಮಾತಾಗಿ ಉಳಿಯದೆ ಅನ್ನದ ಮಾತಾದದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಗೆಳೆಯರೊಬ್ಬರು ಮದುವೆಯ ವಿಡಿಯೋಗಳನ್ನು ಸಂಕಲಿಸುವ ಪುಟ್ಟ ಸ್ಟುಡಿಯೋ ನಡೆಸುತ್ತಾರೆ. ಮದುವೆಯ ಭರಾಟೆ ಏಪ್ರಿಲ್, ಮೇ ತಿಂಗಳಲ್ಲಿ; ಸೆಕೆಯ ಭರಾಟೆಯೂ ಆಗಲೇ. ಕೆಲಸ ಹೆಚ್ಚಿದ ತಿಂಗಳಲ್ಲೇ ಯಂತ್ರ ಮಲಗುತ್ತಿತ್ತು. ಜನವರಿಯಲ್ಲಿ ಎರಡು ಗಂಟೆಯಲ್ಲಿ ಮುಗಿಯುತ್ತಿದ್ದ ವಿಡಿಯೋ ಮೇ ತಿಂಗಳಲ್ಲಿ ಮೂರು ಗಂಟೆ ಹಿಡಿಯಿತು. ಬೀಗರ ಫೋನು, ಬೈಗುಳ, ಕಡಿತವಾದ ಹಣ. ಕೇಳಿದರೆ ಅಂಗಡಿಯವರು, 'ಪ್ರೊಸೆಸರ್ ಹಳತಾಯಿತು, ಹೊಸ ಯಂತ್ರ ತಗೊಳ್ರಿ' ಎಂದರಂತೆ. ಎಂಬತ್ತು ಸಾವಿರದ ಮಾತು. ಗೆಳೆಯರು ಸಹಕಾರ ಸಂಘದ ಸಾಲದ ಅರ್ಜಿಯನ್ನೂ ತುಂಬಿಟ್ಟಿದ್ದರು.

ಪ್ರೊಸೆಸರ್ ಹಳತಾಗಿರಲಿಲ್ಲ, ಬೆಂದಿತ್ತು. ಇಂದಿನ ಪ್ರೊಸೆಸರುಗಳು ಬಿಸಿ ಮಿತಿಗೆ ಬಂದರೆ ಸುಟ್ಟುಹೋಗುವುದಿಲ್ಲ. ತಮ್ಮ ವೇಗವನ್ನು ತಾವೇ ತಗ್ಗಿಸಿಕೊಂಡು ಬದುಕುತ್ತವೆ. ಒಳ್ಳೆಯ ಗುಣವೇ. ಆದರೆ ಇದೇ ಗುಣದಿಂದ ಕೂಲರಿನ ದೋಷ ಮುಚ್ಚಿಹೋಗುತ್ತದೆ. ಯಂತ್ರ ನಿಲ್ಲುವುದಿಲ್ಲ, ಹೊಗೆ ಬರುವುದಿಲ್ಲ, ದೂರು ಹೇಳುವುದಿಲ್ಲ; ಮೆಲ್ಲಗೆ ನಿಮ್ಮ ಗಂಟೆಗಳನ್ನು ತಿನ್ನುತ್ತದೆ, ಅಷ್ಟೆ. ಉಷ್ಣತೆ ತೋರಿಸುವ ಉಚಿತ ತಂತ್ರಾಂಶವೊಂದನ್ನು ಹಾಕಿ ನೋಡಿದಾಗ ಅಂಕಿ ಮಿತಿಗೆ ಅಂಟಿಕೊಂಡಿತ್ತು, ವೇಗ ಇಳಿದಿತ್ತು. ಒಳಗೆ ಪುಟ್ಟ ಕೂಲರಿನ ಸಂದಿಗಳಲ್ಲಿ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು.

ಹೊಸ ಕೂಲರ್ ಯಾವುದು ಎಂಬ ಪ್ರಶ್ನೆ ಬಂದಾಗ ಎರಡು ಹೆಸರುಗಳು ನಮ್ಮ ಮುಂದೆ ಉಳಿದವು. ಒಂದು ನೊಕ್ಟುವಾದ ಎನ್ಎಚ್-ಡಿ15. 2014ರಲ್ಲಿ ಬಂದದ್ದು, ಎರಡು ಗೋಪುರ, ಆರು ಕೊಳವೆ, 140 ಮಿ.ಮೀ.ನ ಎರಡು ಫ್ಯಾನು. ಫ್ಯಾನು ಸೇರಿ 1,320 ಗ್ರಾಂ ತೂಕ. ಗಾಳಿ ಕೂಲರುಗಳಲ್ಲಿ ಇದನ್ನು ಹಿರಿಯ ಕೃತಿ ಎನ್ನಬೇಕು. ಆರು ವರ್ಷದ ಖಾತರಿ ಕೊಡುತ್ತಾರೆ. 2021ರಲ್ಲಿ ಇಂಟೆಲ್ ತನ್ನ ಹೊಸ ಸಾಕೆಟ್ಟಿಗಾಗಿ ಕೂಲರಿನ ರಂಧ್ರಗಳ ಅಂತರವನ್ನು 75ರಿಂದ 78 ಮಿ.ಮೀ.ಗೆ ಬದಲಿಸಿ ಹಳೆಯ ಕೂಲರುಗಳನ್ನೆಲ್ಲ ಬೀದಿಗೆ ತಳ್ಳಿದಾಗ, ಹಳೆಯ ಗ್ರಾಹಕರಿಗೂ ಹೊಸ ಜೋಡಣೆಯ ಸಲಕರಣೆಯನ್ನು ಬೆಲೆಯಿಲ್ಲದೆ ಕಳಿಸಿಕೊಟ್ಟದ್ದು ಈ ಕಂಪನಿಯ ದೊಡ್ಡ ಗುಣ. ದೋಷವೆಂದರೆ ಅದರ ಗಾತ್ರ ಮತ್ತು ಬೆಲೆ. ಎರಡೂ ಫ್ಯಾನು ಹಾಕಿದರೆ ಅದರ ಕೆಳಗೆ 32 ಮಿ.ಮೀ.ಗಿಂತ ಎತ್ತರದ ಮೆಮೊರಿ ಕಡ್ಡಿ ಹಿಡಿಸುವುದಿಲ್ಲ. ಮುಂದಿನ ಫ್ಯಾನನ್ನು ಮೇಲೆ ಸರಿಸಬೇಕು, ಆಗ ಎತ್ತರ ಹೆಚ್ಚುತ್ತದೆ. 2024ರಲ್ಲಿ ಬಂದ ಎರಡನೆಯ ಆವೃತ್ತಿಗೆ ಎಂಟು ಕೊಳವೆ, 168 ಮಿ.ಮೀ. ಎತ್ತರ. ಹಿರಿಯರು ಇನ್ನಷ್ಟು ಬೆಳೆದಿದ್ದಾರೆ, ಮನೆ ಬೆಳೆದಿಲ್ಲ.

ಇನ್ನೊಂದು ಥರ್ಮಲ್‌ರೈಟ್ ಕಂಪನಿಯ ಪೀರ್‌ಲೆಸ್ ಅಸಾಸಿನ್ 120 ಎಸ್ಇ. ಇದಕ್ಕೂ ಎರಡು ಗೋಪುರ, ಆರು ಕೊಳವೆ. ಫ್ಯಾನು ಮಾತ್ರ 120 ಮಿ.ಮೀ. ಬೆಲೆ ಮೊದಲನೆಯದರ ಸುಮಾರು ಮೂರನೆಯ ಒಂದು ಪಾಲು. ಹಿರಿಯರ ಮಟ್ಟಕ್ಕೆ ಕೆಲವೇ ಡಿಗ್ರಿಗಳ ಅಂತರದಲ್ಲಿ ಬಂದು ನಿಲ್ಲುವ ಈ ಅಗ್ಗದ ಕೂಲರ್, ಮಾರುಕಟ್ಟೆಯ ದೊಡ್ಡ ಹೆಸರುಗಳಿಗೆಲ್ಲ ಲೆಕ್ಕ ಒಪ್ಪಿಸುವ ಸ್ಥಿತಿ ತಂದಿದೆ. ಫ್ಯಾನುಗಳು ಪೂರ್ಣ ವೇಗದಲ್ಲಿ ಮಾತಾಡುತ್ತವೆ. ಅವನ್ನು ಹಿಡಿಯುವ ತಂತಿಯ ಕೊಕ್ಕೆಗಳು ಬೆರಳಿಗೆ ಕಿರಿಕಿರಿ. ಇಷ್ಟು ದೋಷ ಹೇಳಬಹುದು.

ತೀರ್ಮಾನ ಮಾಡಿದ್ದು ನಾನೂ ಅಲ್ಲ, ಗೆಳೆಯರೂ ಅಲ್ಲ, ಅಳತೆಪಟ್ಟಿ. ಅವರ ಕ್ಯಾಬಿನೆಟ್ಟಿನಲ್ಲಿ ಕೂಲರಿಗೆ ಇದ್ದ ಎತ್ತರ 160 ಮಿ.ಮೀ. ಮೊದಲನೆಯದು 165, ಎರಡನೆಯದು 155. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕೂಲರ್ ಕೊಳ್ಳುವವರಿಗೆ ಅಕ್ಷರಶಃ ಅನ್ವಯಿಸುತ್ತದೆ. ಗೆಳೆಯರ ಮಗನಿಗೆ ಬಣ್ಣದ ದೀಪ ಉರಿಯುವ ಕೂಲರ್ ಬೇಕಿತ್ತು. ದೀಪದಿಂದ ಬಿಸಿ ಇಳಿಯುವುದಿಲ್ಲ ಎಂದು ತಂದೆ ಒಂದೇ ಮಾತಿನಲ್ಲಿ ಮುಗಿಸಿದರು. ನೀರಿನ ಪಂಪು, ರೇಡಿಯೇಟರ್ ಇರುವ ಕೂಲರಿನ ಮಾತೂ ಬಂತು. ಅದೂ ಕೊನೆಗೆ ಕೋಣೆಯ ಗಾಳಿಗೇ ಬಿಸಿ ಒಪ್ಪಿಸಬೇಕು. ಮೇಲಾಗಿ ಪಂಪು ಕೆಟ್ಟರೆ ಇಡೀ ಸಲಕರಣೆಯೇ ಹೋಯಿತು. ಗಾಳಿ ಕೂಲರಿನಲ್ಲಿ ಕೆಡುವುದು ಫ್ಯಾನು, ಅದನ್ನು ಯಾವ ಊರಿನಲ್ಲೂ ಬದಲಿಸಬಹುದು.

ಕೂಲರಿನ ನಿಜವಾದ ವಿಮರ್ಶೆ ಅದನ್ನು ಕೂರಿಸುವಾಗ ಆಗುತ್ತದೆ. ಪ್ರೊಸೆಸರಿನ ಮುಚ್ಚಳ, ಕೂಲರಿನ ಬುಡ ಎರಡೂ ಕಣ್ಣಿಗೆ ನುಣುಪು; ಒಂದರ ಮೇಲೊಂದು ಇಟ್ಟರೆ ನಡುವೆ ಸಣ್ಣ ಸಣ್ಣ ಗಾಳಿಯ ಹಳ್ಳಗಳು. ಶಾಖ ಸಾಗಿಸುವುದರಲ್ಲಿ ಗಾಳಿ ತಾಮ್ರಕ್ಕಿಂತ ಸುಮಾರು 15,000 ಪಟ್ಟು ಸೋಮಾರಿ. ಆ ಹಳ್ಳ ತುಂಬಲೆಂದೇ ಬೂದು ಬಣ್ಣದ ಲೇಪ. ಲೇಪವೂ ತಾಮ್ರದ ಮುಂದೆ ಬಡವನೇ, ಆದ್ದರಿಂದ ಬೆಣ್ಣೆಯಂತೆ ಬಳಿಯಬಾರದು. ನಡುವೆ ಬಟಾಣಿ ಕಾಳಿನಷ್ಟು ಇಟ್ಟರೆ ಒತ್ತಡವೇ ಅದನ್ನು ಹರಡುತ್ತದೆ. ಹಳೆಯ ಲೇಪವನ್ನು ಸ್ಪಿರಿಟ್ಟಿನಿಂದ ಪೂರ್ತಿ ಒರೆಸಬೇಕು. ಬುಡಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು ಕೂರಿಸಬೇಕು. ಆ ಹಾಳೆ ಸಮೇತ ತಿಂಗಳುಗಟ್ಟಲೆ ಓಡಿದ ಯಂತ್ರಗಳನ್ನು ನಾನು ಕಂಡಿದ್ದೇನೆ. ಸ್ಕ್ರೂಗಳನ್ನು ಸರದಿಯಂತೆ, ಒಂದಕ್ಕೆ ನಾಲ್ಕು ಸುತ್ತು, ಇನ್ನೊಂದಕ್ಕೆ ನಾಲ್ಕು ಸುತ್ತು ಎಂದು ಬಿಗಿಯಬೇಕು. ಫ್ಯಾನಿನ ಅಡ್ಡಪಟ್ಟಿಗಳಿರುವ ಮಗ್ಗುಲಿನಿಂದ ಗಾಳಿ ಹೊರಬರುತ್ತದೆ; ಆ ಮಗ್ಗುಲು ಕ್ಯಾಬಿನೆಟ್ಟಿನ ಹಿಂಬದಿಗೆ ಮುಖ ಮಾಡಿರಬೇಕು.

ಇದನ್ನೆಲ್ಲ ಸಾಮಾನ್ಯ ಕೈಯೊಂದು ಸರಿಯಾಗಿ ಮಾಡುವಂತೆ ಕೂಲರನ್ನು ರೂಪಿಸಿದ್ದಾರೆಯೇ? ನನ್ನ ಮೊದಲ ಪ್ರಶ್ನೆ ಇದು. ಬೋರ್ಡಿನ ಹಿಂದೆ ಲೋಹದ ತಟ್ಟೆ, ಮುಂದೆ ಸ್ಪ್ರಿಂಗ್ ಸ್ಕ್ರೂ ಇರುವ ಜೋಡಣೆಯಲ್ಲಿ ಸ್ಕ್ರೂ ತಾನಾಗಿ ನಿಲ್ಲುವವರೆಗೆ ತಿರುಗಿಸಿದರೆ ಒತ್ತಡ ಸರಿಯಾಯಿತು ಎಂದೇ ಅರ್ಥ. ಇಂಟೆಲ್ 2004ರಲ್ಲಿ ಎಲ್‌ಜಿಎ 775 ಸಾಕೆಟ್ಟಿನ ಜೊತೆ ತಂದ ನಾಲ್ಕು ಪ್ಲಾಸ್ಟಿಕ್ ಮೊಳೆಗಳ ವಿಧಾನ ಇದಕ್ಕೆ ತದ್ವಿರುದ್ಧ. 'ಟಕ್' ಎಂಬ ಸದ್ದೇ ಸಾಕ್ಷಿ. ಮೂರು ಮೊಳೆ ಕೂತು ನಾಲ್ಕನೆಯದು ಅರ್ಧಕ್ಕೆ ನಿಂತರೂ ಮೇಲಿನಿಂದ ಗೊತ್ತಾಗದು. ಬೋರ್ಡನ್ನು ಹಿಂದಿನಿಂದ ನೋಡಿದರೇ ತಿಳಿಯುತ್ತದೆ. ಎಎಂಡಿ ಕಂಪನಿಯೂ ಪಾಪಮುಕ್ತವಲ್ಲ. ಅದರ ಎಎಂ4 ಸಾಕೆಟ್ಟಿನಲ್ಲಿ ಕಡ್ಡಿಗಳು ಪ್ರೊಸೆಸರಿಗೇ ಇರುತ್ತವೆ. ಲೇಪ ಗಟ್ಟಿಯಾದ ಮೇಲೆ ಕೂಲರನ್ನು ನೇರ ಎಳೆದರೆ ಪ್ರೊಸೆಸರೂ ಬುಡ ಸಮೇತ ಕಿತ್ತುಬಂದು ಕಡ್ಡಿ ಬಾಗುವ ಅಪಾಯ. ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ, ಆರಿಸಿ, ಬೆಚ್ಚಗಿರುವಾಗಲೇ ಮೆಲ್ಲಗೆ ತಿರುಚಿ ತೆಗೆಯಬೇಕು. 2022ರ ಎಎಂ5ರಲ್ಲಿ ಕಡ್ಡಿಗಳು ಸಾಕೆಟ್ಟಿಗೆ ಹೋದವು, ತೊಂದರೆ ತಪ್ಪಿತು.

ಗೆಳೆಯರ ವಿಡಿಯೋ ಆ ಮೇ ತಿಂಗಳಲ್ಲೇ ಎರಡು ಗಂಟೆಗೆ ಮರಳಿತು, ಸಾಲದ ಅರ್ಜಿ ಹರಿದುಹೋಯಿತು. ಇದಕ್ಕೆ ಪೂರ್ತಿ ಶ್ರೇಯಸ್ಸನ್ನು ಹೊಸ ಗೋಪುರಕ್ಕೆ ಕೊಟ್ಟರೆ ವಿಮರ್ಶೆ ಸುಳ್ಳಾಗುತ್ತದೆ. ಅದೇ ವಾರ ಅವರು ಮೂಲೆಯಲ್ಲಿ ಗೋಡೆಗೆ ಒತ್ತಿದ್ದ ಕ್ಯಾಬಿನೆಟ್ಟನ್ನು ಒಂದು ಗೇಣು ಮುಂದಕ್ಕೆ ತಂದು, ಕಿಟಕಿಯ ತಗಡಿನ ಕೂಲರಿಗೆ ಹೊಸ ಹುಲ್ಲು ಹಾಕಿಸಿದ್ದರು. ಕೋಣೆ 38ರಿಂದ 30ಕ್ಕೆ ಇಳಿದರೆ ಪ್ರೊಸೆಸರೂ ಹೆಚ್ಚುಕಡಿಮೆ ಆ ಎಂಟು ಡಿಗ್ರಿ ಇಳಿಯುತ್ತದೆ. ದುಬಾರಿ ಕೂಲರಿಗೂ ಅಗ್ಗದ ಕೂಲರಿಗೂ ಇರುವ ಅಂತರ ಎಷ್ಟೋ ಸಲ ಇದಕ್ಕಿಂತ ಕಡಿಮೆ. ತೇವದ ಗಾಳಿ ನೇರ ಯಂತ್ರದ ಮೇಲೆ ಬೀಸದಂತೆ ನೋಡಿಕೊಂಡರಾಯಿತು. ಮಂಗಳೂರಿನಂಥ ಊರಿನಲ್ಲಿ ಗಾಳಿಯೇ ನೀರು ಕುಡಿದಿರುವುದರಿಂದ ಈ ಉಪಾಯ ಸಾಗದು. ಒಣ ಸೆಕೆಯ ನಮ್ಮ ಕಡೆ ಸಾಗುತ್ತದೆ.

ಹಾಗಾಗಿ ಕೂಲರ್ ಕೊಳ್ಳುವವರು ಅಂಗಡಿಗೆ ಹೋಗುವ ಮುನ್ನ ಮೂರು ಅಂಕಿ ಬರೆದಿಟ್ಟುಕೊಳ್ಳಲಿ: ಮೇ ತಿಂಗಳ ಮಧ್ಯಾಹ್ನ ತಮ್ಮ ಕೋಣೆಯ ಉಷ್ಣತೆ, ಕ್ಯಾಬಿನೆಟ್ಟಿನ ಒಳಗೆ ಇರುವ ಎತ್ತರ, ತಮ್ಮ ಪ್ರೊಸೆಸರಿನ ಗರಿಷ್ಠ ವಾಟ್. ಪೆಟ್ಟಿಗೆಯ ಮೇಲಿನ ಅಂಕಿಗಳಿಗಿಂತ ಇವು ಹೆಚ್ಚು ಬಾಳುತ್ತವೆ. ಕೊಂಡ ಮೇಲೆ ವರ್ಷಕ್ಕೊಮ್ಮೆ, ಯುಗಾದಿಗೆ ಮನೆ ಸಾರಿಸುವ ಹೊತ್ತಿಗೆ, ಮೃದುವಾದ ಕುಂಚದಿಂದ ತಗಡುಗಳ ಧೂಳನ್ನೂ ತೆಗೆಯಲಿ. ಎಂಥ ಒಳ್ಳೆಯ ಕೂಲರಾದರೂ ಧೂಳಿನ ಕಂಬಳಿ ಹೊದ್ದುಕೊಂಡು ಕೆಲಸ ಮಾಡಲಾರದು.